ಮಾವನ ಜರಡಿಯಲ್ಲಿ ಉಳಿದದ್ದು

ನಮ್ಮ ಮಾವನ ಮನೆಯಲ್ಲಿ ನೀವು ಏನನ್ನು ಬೇಕಾದರೂ ಕಳೆದುಕೊಳ್ಳಬಹುದು, ಚಿಂತೆಯಿಲ್ಲ, ಸಂಜೆಯೊಳಗೆ ಸಿಕ್ಕಿಬಿಡುತ್ತದೆ. ಆದರೆ ಏನನ್ನೂ ಎಸೆಯುವ ಹಾಗಿಲ್ಲ! ಕಸದ ಮೊರ ಹಿಡಿದು ಹೊಸಿಲು ದಾಟಿದಿರೋ, ಹಿಂದಿನಿಂದ ಕೂಗು ಬಂತೇ ಅನ್ನಿ: "ಏಯ್, ನಿಲ್ಲು ನಿಲ್ಲು! ಜರಡಿ ಹಿಡಿದಾಯ್ತಾ?"

ಮಾವ ಅಂದರೆ ನನ್ನ ಅಮ್ಮನ ತಮ್ಮ. ಚಾಮರಾಜಪೇಟೆಯ ಒಂದು ವಠಾರದಲ್ಲಿ, ಹೆಂಚಿನ ಮನೆಯಲ್ಲಿ ಅವರ ವಾಸ. ಹಳೆಯ ಊರುಗಳ ದಿಬ್ಬ ಅಗೆಯುವ ಉತ್ಖನನದ ಕ್ಯಾಂಪುಗಳಲ್ಲಿ ಕೆಲಸ. ಹಾಗಂದ ತಕ್ಷಣ ನೀವು ಏನೇನೋ ಕಲ್ಪಿಸಿಕೊಳ್ಳಬೇಡಿ. ಅಲ್ಲಿ ಅಗೆಯುವವರು ಬೇರೆ, ಅಳೆಯುವವರು ಬೇರೆ, ಪೇಪರಿನ ಫೋಟೋಗೆ ನಿಲ್ಲುವವರು ಬೇರೆ. ಅಗೆದು ಹೊರಗೆ ಸುರಿದ ಮಣ್ಣನ್ನು ಒಂದೊಂದು ಬಾಂಡ್ಲಿಯಾಗಿ ಜರಡಿ ಹಿಡಿದು, ಎಲ್ಲರ ಕಣ್ಣು ತಪ್ಪಿಸಿಕೊಂಡು ಬಂದ ಸಣ್ಣಪುಟ್ಟ ಸಾಮಾನನ್ನು ಹೆಕ್ಕುವವರು ನಮ್ಮ ಮಾವ. ಸಾಸಿವೆಯಷ್ಟು ಮಣಿ, ಮೀನಿನ ಮುಳ್ಳು, ಸುಟ್ಟು ಕರಿಕಾದ ಹುರುಳಿಕಾಳು. ಮೂವತ್ತು ವರ್ಷ ಇದೇ ಕೆಲಸ! ನೆರೆಹೊರೆಯವರು "ಏನ್ ಸಾರ್, ಚಿನ್ನ ಗಿನ್ನ ಸಿಕ್ತಾ?" ಎಂದು ಕೇಳಿದರೆ ಮಾವ ಮುಖ ಅರಳಿಸಿ "ಹುರುಳಿ ಸಿಕ್ತು!" ಅನ್ನುತ್ತಿದ್ದರು. ಕೇಳಿದವರು ಪಾಪ, ತಲೆ ಕೆರೆದುಕೊಂಡು ಹೊರಟುಹೋಗುತ್ತಿದ್ದರು.

ನಮ್ಮಪ್ಪನಿಗೆ ಭಾಮೈದನನ್ನು ರೇಗಿಸುವುದೆಂದರೆ ಪ್ರಾಣ. ಮಾವ ಮಳೆಗಾಲಕ್ಕೆ ಕ್ಯಾಂಪು ಮುಗಿಸಿ ಬಂದಾಗಲೆಲ್ಲ ಅದೇ ಪ್ರಶ್ನೆ.

"ಏನಪ್ಪಾ, ಈ ಸಲಾನೂ ಗುಡ್ಡ ಅಗೆದು ಇಲಿ ಹಿಡಿದ್ರೋ?"

"ಹೌದು ಭಾವ," ಎಂದರು ಮಾವ ಒಮ್ಮೆ, ಅಷ್ಟೇ ಗಂಭೀರವಾಗಿ. "ಎರಡು ಇಲಿ. ಒಂದರದ್ದಂತೂ ದವಡೆ ಪೂರ್ತಿ ಸಿಕ್ತು!"

ಇಲಿ ಇತ್ತು ಅಂದರೆ ಮನೆಯಲ್ಲಿ ಕಾಳುಕಡಿ ಕೂಡಿಟ್ಟಿದ್ದರು ಎಂದು ಅರ್ಥವಂತೆ. ಅಪ್ಪ ಆಮೇಲೆ ಆ ಗಾದೆಯನ್ನು ಯಾರ ಮೇಲೂ ಪ್ರಯೋಗಿಸಲಿಲ್ಲ.

ಅತ್ತೆಯ ಕಷ್ಟ ಮಾತ್ರ ಯಾರಿಗೂ ಬೇಡ. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಇವರ ಕೈ ಮೂವತ್ತು ವರ್ಷದಿಂದ ಕೆಸರು. ಮೊಸರಿಗೆ ಮಾತ್ರ ದಿನಾ ನಾನೇ ಹೆಪ್ಪು ಹಾಕ್ಬೇಕು!" ಎಂದು ಆಕೆ ಎಷ್ಟು ಸಲ ಹಣೆ ಚಚ್ಚಿಕೊಂಡಿದ್ದಾರೋ. ಮನೆಯ ಕಸವನ್ನು ಪಡಸಾಲೆಯದು, ಅಡುಗೆಮನೆಯದು, ಹಿತ್ತಿಲಿನದು ಎಂದು ಬೇರೆಬೇರೆಯಾಗಿ ಗುಡಿಸಬೇಕು. ಬೆರೆಸಿದರೆ ಮುಗಿಯಿತು, "ಇದು ಎಲ್ಲಿಂದ ಬಂತು ಅಂತ ಈಗ ಹೇಗೆ ಹೇಳೋದು?" ಎಂದು ಅರ್ಧ ದಿನ ಕೊರಗು. ಹಿತ್ತಿಲಲ್ಲಿ ದೊಡ್ಡ ಕಣ್ಣಿನದು, ನಡುಗಣ್ಣಿನದು, ಸಣ್ಣ ಕಣ್ಣಿನದು ಎಂದು ಮೂರು ಜರಡಿ. ಸಿಕ್ಕಿದ್ದೆಲ್ಲ ಪುಟ್ಟ ಕಾಗದದ ಪೊಟ್ಟಣಕ್ಕೆ. ಪೊಟ್ಟಣದ ಮೇಲೆ ಚೀಟಿ. ಚೀಟಿಯ ಮೇಲೆ ಎಲ್ಲಿ, ಯಾವತ್ತು, ಏನು, ಎಷ್ಟು. ಹಳೆಯ ಬಿಸ್ಕತ್ತಿನ ಡಬ್ಬಿಗಳ ತುಂಬ ಇಂಥ ಪೊಟ್ಟಣಗಳೇ!

ಒಂದು ಚಾತುರ್ಮಾಸ್ಯ. ಅತ್ತೆ ಈರುಳ್ಳಿ ಬಿಟ್ಟಿದ್ದರು. ಮನೆಯೊಳಗೆ ಈರುಳ್ಳಿಯ ಹೆಸರೂ ಎತ್ತುವ ಹಾಗಿರಲಿಲ್ಲ. ಆಗ ಕಾಲೇಜಿನಲ್ಲಿದ್ದ ನಾನು ರಜೆಗೆಂದು ಅಲ್ಲಿದ್ದೆ. ಎರಡು ದಿನ ತಡೆದೆ, ಮೂರನೆಯ ದಿನ ಅತ್ತೆ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ, ಪಕ್ಕದ ಮನೆಯಿಂದ ಒಂದು ಈರುಳ್ಳಿ ತಂದು, ಹೆಚ್ಚಿ, ಕಡಲೆಪುರಿಗೆ ಬೆರೆಸಿ ತಿಂದೆ. ಬಾಯಿ ತೊಳೆದೆ, ಚಾಕು ತೊಳೆದೆ, ನೆಲ ಒರೆಸಿದೆ. ಸಂಜೆ ಮಾವ ಜರಡಿ ಹಿಡಿದು ಎದ್ದು ಬಂದು ಎಲ್ಲರ ಮುಂದೆ ಓದಿದರು: "ಅಡುಗೆಮನೆ, ಬಾಗಿಲ ಹಿಂದೆ. ಈರುಳ್ಳಿ ಸಿಪ್ಪೆ, ಒಂದು. ಉಗುರಿನಷ್ಟು."

ಅತ್ತೆಯ ಕಣ್ಣು ನನ್ನ ಮೇಲೆ. ನನ್ನ ಕಣ್ಣು ಸೂರಿನ ಮೇಲೆ.

"ಯಾರು ತಿಂದಿದ್ದು ಅಂತ ಹೇಳಿಬಿಡಿ ಅತ್ಲಾಗೆ!" ಎಂದರು ಅತ್ತೆ.

"ಅದು ನಂಗೊತ್ತಿಲ್ಲ. ಈರುಳ್ಳಿ ಬಂದಿತ್ತು ಅಂತ ಗೊತ್ತು. ಯಾರು ತಂದ್ರು ಅಂತ ಸಿಪ್ಪೆ ಹೇಳಿಲ್ಲ," ಎಂದು ಮಾವ ಚೀಟಿ ಮಡಚಿದರು. ಆಮೇಲೆ ನನ್ನ ಕಡೆ ತಿರುಗಿ, "ನೋಡು, ಇದನ್ನ ಕಲ್ತ್ಕೋ. ಸಿಕ್ಕಿದ್ದು ಬರಿ, ಅನ್ಸಿದ್ದು ಬರೀಬೇಡ," ಎಂದರು. ನನ್ನನ್ನು ಉಳಿಸಿದ ಆ ಮಾತಿಗೆ ಅಂದು ನಾನು ಮನಸ್ಸಿನಲ್ಲೇ ದೀರ್ಘದಂಡ ನಮಸ್ಕಾರ ಹಾಕಿದೆ.

ಅದೇ ಮಾತು ಮಾವನಿಗೆ ಬಡ್ತಿಯನ್ನು ತಪ್ಪಿಸಿತ್ತಂತೆ. ಈ ಕಥೆ ಹೇಳುವಾಗಲೆಲ್ಲ ಅತ್ತೆಯ ದನಿ ಏರುತ್ತಿತ್ತು. ಯಾವುದೋ ಕ್ಯಾಂಪಿನಲ್ಲಿ ರಾಗಿಕಾಳಿನಷ್ಟು ದೊಡ್ಡ ಚಿನ್ನದ ಮಣಿ ಸಿಕ್ಕಿತು. ಸಿಕ್ಕಿದ್ದು ಜರಡಿಯೊಳಗಲ್ಲ, ಸಂಜೆ ಜಾಗ ಗುಡಿಸುವಾಗ ಜರಡಿಯ ಕಾಲಿನ ಹತ್ತಿರ. ಅದು ಗುಂಡಿಯ ತಳದ ಮಣ್ಣಿನಿಂದ ಬಂದದ್ದು ಎಂದಾದರೆ ಬಹಳ ಹಳೆಯದಾಗುತ್ತದೆ, ಹೆಸರು ಬರುತ್ತದೆ. ಮೇಲಿನವರೊಬ್ಬರು ಹೆಗಲ ಮೇಲೆ ಕೈಹಾಕಿ, "ತಳದ್ದು ಅಂತ ಬರೀರಿ ಸ್ವಾಮಿ, ಯಾರಿಗೆ ಗೊತ್ತಾಗತ್ತೆ?" ಎಂದರಂತೆ. "ನಂಗೆ ಗೊತ್ತಾಗತ್ತಲ್ಲ ಸಾರ್," ಎಂದು ನಮ್ಮ ಮಹಾನುಭಾವರು ಬರೆದದ್ದು ಇಷ್ಟು: ಜರಡಿಯ ಕೆಳಗೆ ಬಿದ್ದಿತ್ತು, ಯಾವ ಬಾಂಡ್ಲಿಯದೋ ಗೊತ್ತಿಲ್ಲ. ಇಂಥವರಿಗೆ ಯಾರು ಬಡ್ತಿ ಕೊಡುತ್ತಾರೆ, ನೀವೇ ಹೇಳಿ?

ಇನ್ನು ನನ್ನನ್ನು ನೋಡಲು ಗಂಡಿನವರು ಬಂದ ಶಾಸ್ತ್ರದ ಕಥೆ. ಹೇಳಬಾರದು ಅಂದುಕೊಂಡಿದ್ದೆ, ಆದರೆ ಬಾಯಿ ಸುಮ್ಮನಿರಬೇಕಲ್ಲ!

ಕ್ಯಾಂಪಿನಲ್ಲಿ ಜರಡಿ ಹಿಡಿಯುವವರ ಕಣ್ಣು ಚುರುಕಾಗಿದೆಯೋ ಇಲ್ಲವೋ ನೋಡಲು ಒಂದು ಉಪಾಯವಿದೆಯಂತೆ. ಅವರಿಗೆ ಗೊತ್ತಿಲ್ಲದ ಹಾಗೆ ಮಣ್ಣಿನೊಳಗೆ ಎಣಿಸಿ ಕೆಲವು ಮಣಿ ಹಾಕಿಬಿಡುವುದು. ಐದು ಹಾಕಿ ನಾಲ್ಕು ಬಂದರೆ ಐದರಲ್ಲೊಂದು ತಪ್ಪುತ್ತಿದೆ ಎಂದಾಯಿತು. ಸರಿ, ಕ್ಯಾಂಪಿನಲ್ಲಿ ಮಾಡಿಕೊಳ್ಳಲಿ, ಬೇಡ ಎಂದವರಾರು? ಅವತ್ತು ಗಂಡಿನ ಕಡೆಯವರನ್ನು ಊಟಕ್ಕೇ ಕರೆದಿದ್ದರು, ಅದೂ ಮಾವನ ಮನೆಗೆ. ಹಿಂದಿನ ದಿನ ನಾನು ಪಡಸಾಲೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಕಲ್ಲಿನ ಜೊತೆ ಬಿಳಿ ಮಣಿಗಳು ಬರತೊಡಗಿದವು. ಒಂದು, ಎರಡು, ಮೂರು, ನಾಲ್ಕು. ಯಾರದೋ ಸರ ಹರಿದಿರಬೇಕು ಎಂದು ಎತ್ತಿ ಗೂಡಿನಲ್ಲಿಟ್ಟು, ಮರೆತೂಬಿಟ್ಟೆ. ಮಾವ ಹೊರಗೆ ಹೋಗಿದ್ದವರು ರಾತ್ರಿ ಬಂದರು, ಗೂಡಿನಲ್ಲಿದ್ದುದನ್ನು ಎಣಿಸಿದರೋ ಏನೋ, ನನ್ನನ್ನಂತೂ ಕೇಳಲಿಲ್ಲ.

ಮರುದಿನ ಹುಡುಗನ ತಂದೆ ಎರಡನೆಯ ಸಲ ಬಿಸಿಬೇಳೆ ಭಾತು ಹಾಕಿಸಿಕೊಂಡು, "ಹುಡುಗೀನೇ ಮಾಡಿದ್ದಾ?" ಎಂದು ನಗುತ್ತ ಒಂದು ತುತ್ತು ಬಾಯಿಗಿಟ್ಟರು. ಕಟಕ್! ಅವರು ದವಡೆ ಹಿಡಿದುಕೊಂಡು ಎಲೆಯ ತುದಿಗೆ ಏನನ್ನೋ ಉಗುಳಿದರು. ನಮ್ಮ ಮಾವ, ಕೈಯಲ್ಲಿ ತುಪ್ಪದ ಗಿಂಡಿ ಹಿಡಿದವರು, ಬಗ್ಗಿ ನೋಡಿ ಆನಂದದಿಂದ ಕೂಗಿದರು:

"ಐದನೇದು!"

ಆ ಸಂಬಂಧ ಅಲ್ಲಿಗೇ ನಿಂತಿತು. ಎರಡು ವರ್ಷದ ಮೇಲೆ ಹನುಮಂತನಗರದ ಈಗಿನ ಯಜಮಾನರು ಬಂದಾಗ ಅಮ್ಮ ಮೊದಲು ಮಾಡಿದ ಕೆಲಸವೆಂದರೆ ಅಕ್ಕಿ ಡಬ್ಬಕ್ಕೆ ಬೀಗ ಹಾಕಿದ್ದು.

ಮಾವ ರಿಟೈರ್ ಆದರು. ಅದಾದ ಕೆಲವು ವರ್ಷಕ್ಕೆ ವಠಾರದ ಓನರ್ ತೀರಿಕೊಂಡು, ಅವರ ಮಗ ಮನೆಗಳನ್ನೆಲ್ಲ ಕೆಡವಿ ಕಟ್ಟಡ ಎಬ್ಬಿಸುವುದೆಂದು ನಿಶ್ಚಯವಾಯಿತು. ಕಾಟನ್‌ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಆತ ಒಳ್ಳೆಯ ಮನುಷ್ಯನೇ, ಬಿಡಿ. ಎಲ್ಲರಿಗೂ ಬೇಕಾದಷ್ಟು ಸಮಯ ಕೊಟ್ಟ. ಮಾವ, ಅಮ್ಮ ಹುಟ್ಟಿ ಬೆಳೆದದ್ದೇ ಆ ಬಾಡಿಗೆ ಮನೆಯಲ್ಲಿ. ಆದರೂ ಮಾವ ತಕರಾರು ಮಾಡಲಿಲ್ಲ, ಹನುಮಂತನಗರದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಮನೆ ನೋಡಿಕೊಂಡರು. ಕೇಳಿದ್ದು ಒಂದೇ ಒಂದು.

"ಹೆಂಚು ಇಳಿಸಿದ್ಮೇಲೆ ಗೋಡೆ ಮೇಲಿರೋ ದೂಳು, ಸೂರಿನ ಕೆಳಗಿನ ಮಣ್ಣು, ಅದನ್ನ ಲಾರಿಗೆ ತುಂಬಬೇಡಿ. ಮೂರು ದಿನ ನಂಗೆ ಬಿಡಿ."

ದೂಳು! ಯಾರಾದರೂ ಮನೆ ಖಾಲಿ ಮಾಡುವಾಗ ದೂಳು ಕೇಳುತ್ತಾರೆಯೇ? ಬೀದಿಯ ತುಂಬ ಸುದ್ದಿ ಹಬ್ಬಿತು. ಮೂವತ್ತು ವರ್ಷ ನಿಧಿ ಹುಡುಕುವ ಇಲಾಖೆಯಲ್ಲಿ ಇದ್ದವರು ಸುಮ್ಮನೆ ಕೇಳುತ್ತಾರೆಯೇ, ಗೋಡೆಯಲ್ಲಿ ಏನೋ ಇದೆ! ಮೊದಲನೆಯ ದಿನ ಬೆಳಿಗ್ಗೆ ಮಾವ ಜರಡಿ ಹೂಡುವ ಹೊತ್ತಿಗೆ ಓನರ್ ಮಗ ಪ್ಲಾಸ್ಟಿಕ್ ಕುರ್ಚಿ ತಂದು, ಛತ್ರಿ ಬಿಚ್ಚಿ, ಎದುರಿಗೇ ಕೂತುಬಿಟ್ಟ.

ಸಹಾಯಕ್ಕೆ ನಾನು! ನಾನು ಪಾಠ ಮಾಡುವ ಸ್ಕೂಲಿಗೆ ರಜೆ ಹಾಕಿಸಿ ಕರೆಸಿಕೊಂಡಿದ್ದರು. ಮೂಗಿಗೆ ಸೆರಗು ಕಟ್ಟಿಕೊಂಡು, ಐವತ್ತು ವರ್ಷದ ದೂಳು ಕುಡಿಯುತ್ತ, "ಏನು ಹುಡುಕ್ತಿದೀವಿ ಅಂತಾದ್ರೂ ಹೇಳಿ ಮಾವ!" ಎಂದರೆ "ಸಿಕ್ಕಿದಾಗ ನೋಡೋಣ" ಎಂದರು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಸಣ್ಣ ಕಣ್ಣಿನ ಜರಡಿಯನ್ನು ಅವರ ತಲೆಗೇ ಕವುಚಿ ಹಾಕೋಣ ಅನ್ನಿಸಿತು.

ಮಾವ ಮಾತ್ರ ಶಾಸ್ತ್ರೋಕ್ತ. ಪಡಸಾಲೆಯ ಗೋಡೆಯ ದೂಳು ಒಂದು ಚೀಲ, ದೇವರ ಮನೆಯದು ಒಂದು, ಅಡುಗೆಮನೆಯ ಗಾಜಿನ ಹೆಂಚಿನ ಕೆಳಗಿನದು ಇನ್ನೊಂದು. ಬೆಳಕಿಗೆಂದು ಒಲೆಯ ಮೇಲುಗಡೆ ಹಾಕಿಸಿದ್ದ ಒಂದೇ ಒಂದು ಗಾಜಿನ ಹೆಂಚು ಅದು. ಆ ಚೀಲಕ್ಕೆ ಮಾತ್ರ ಮಾವ ಎರಡು ಗಂಟು ಹಾಕಿ, ಮೂರನೆಯ ದಿನಕ್ಕೆಂದು ಮೂಲೆಯಲ್ಲಿಟ್ಟರು.

ಬಳಪದ ಚೂರು, ಬಳೆಯ ಚೂರು, ಗೋಲಿ, ಪೆನ್ನಿನ ನಿಬ್ಬು. ಒಂದು ಗೆಜ್ಜೆ ಹೊಳೆದಾಗ ಓನರ್ ಮಗ ಛತ್ರಿ ಸಮೇತ ಎದ್ದು ನಿಂತ. ಮಾವ ಅದನ್ನು ನೋಡಿದಂತೆ ಮಾಡಿ ಪೊಟ್ಟಣಕ್ಕೆ ಹಾಕಿದರು. ಅವರ ಬೆರಳು ಹೊಳೆಯುವುದರ ಕಡೆ ಹೋಗುತ್ತಲೇ ಇರಲಿಲ್ಲ. ಅಕ್ಕಿಕಾಳಿನ ಹಾಗೆ ಬೆಳ್ಳಗಿದ್ದುದನ್ನೆಲ್ಲ ಎತ್ತಿ ಕನ್ನಡಕದ ಹತ್ತಿರ ಹಿಡಿಯುತ್ತಿದ್ದರು. ಸುಣ್ಣದ ಚಕ್ಕೆ, ಮತ್ತೆ ಸುಣ್ಣದ ಚಕ್ಕೆ. ಎರಡನೆಯ ದಿನ ಮಧ್ಯಾಹ್ನ ಒಂದನ್ನು ಎತ್ತಿ ಹಿಡಿದವರು ಇಳಿಸಲೇ ಇಲ್ಲ.

"ಹಲ್ಲು," ಎಂದರು.

"ಹಲ್ಲಾ?" ಓನರ್ ಮಗನ ಕುರ್ಚಿ ಹಿಂದಕ್ಕೆ ಉರುಳಿತು. "ಯಾರ್ದು ಸಾರ್? ನಮ್ಮನೇಲಿ ಹೆಣ ಗಿಣ ಏನಾದ್ರೂ... ಅಯ್ಯೋ ಶಿವನೇ, ಪೊಲೀಸಿಗೆ ಹೇಳ್ಬೇಕೇನ್ ಸಾರ್?"

ಆ ಹೊತ್ತಿಗೆ ಸರಿಯಾಗಿ ಅಮ್ಮ ಊಟದ ಕ್ಯಾರಿಯರ್ ಹಿಡಿದು ಬಂದಳು. ಹಲ್ಲನ್ನು ನೋಡಿ ಬಿದ್ದು ಬಿದ್ದು ನಕ್ಕಳು. "ಹಾಲುಹಲ್ಲು ಕಣಪ್ಪಾ! ಹಲ್ಲು ಬಿದ್ರೆ ಸಗಣಿ ಉಂಡೇಲಿಟ್ಟು ಮನೆ ಮೇಲೆ ಎಸೀತಿರಲಿಲ್ವಾ? ನೀನು ಎಸ್ದಿಲ್ವಾ? ಈ ವಠಾರದ ಮಕ್ಕಳೆಲ್ಲ ಎಸೆದಿರೋದು ಇಲ್ಲಿಗೇನೇ. ನನ್ನವೇ ಇರ್ಬೇಕು ಎಷ್ಟೋ!"

ಸಗಣಿ ಒಣಗಿ ಉದುರುತ್ತದೆ, ಹಲ್ಲು ಹೆಂಚಿನ ಸಂದಿಯಿಂದ ಜಾರಿ ಗೋಡೆಯ ಮೇಲೋ ಸೂರಿನ ಕೆಳಗೋ ಬೀಳುತ್ತದೆ. ಎರಡು ದಿನಕ್ಕೆ ಎಂಟು ಹಲ್ಲು ಸಿಕ್ಕಿದವು. ಓನರ್ ಮಗ ನಿಟ್ಟುಸಿರು ಬಿಟ್ಟು, ನಿಧಿಯ ಆಸೆಯನ್ನೂ ಬಿಟ್ಟು, ಎಲ್ಲರಿಗೂ ಟೀ ತರಿಸಿದ. ನಾನು ಮಾತ್ರ ಬೈದುಕೊಂಡೆ. ಇದಕ್ಕಾ ಮೂರು ದಿನ ರಜೆ? ಮಕ್ಕಳ ಹಲ್ಲಿಗಾ?

ಮೂರನೆಯ ದಿನ ಸಂಜೆ ಲಾರಿ ಬರುವುದಿತ್ತು. ಅಮ್ಮ ಅವತ್ತು ಬೆಳಿಗ್ಗೆಯೇ ಬಂದು ಕೂತಿದ್ದಳು. ಮಾವ ಎರಡು ಗಂಟಿನ ಚೀಲ ಬಿಚ್ಚಿ, ಮೇಲಿನ ಚೀಟಿ ಓದಿದರು: "ಅಡುಗೆಮನೆ, ಗಾಜಿನ ಹೆಂಚಿನ ಕೆಳಗೆ." ಅಮ್ಮನ ನಗು ನಿಂತುಹೋಯಿತು.

"ಲೋ," ಎಂದಳು ಮೆಲ್ಲಗೆ. "ಶಾರೀದು ಹುಡುಕ್ತಿದೀಯೇನೋ?"

ಮಾವ ಸಣ್ಣ ಕಣ್ಣಿನ ಜರಡಿಯನ್ನು ಎತ್ತಿಕೊಂಡರು.

ಶಾರಿ ಎಂಬ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಅಮ್ಮನಿಗೂ ಮಾವನಿಗೂ ಒಬ್ಬಳು ತಂಗಿಯಿದ್ದಳಂತೆ, ಶಾರದೆ. ಆರು ತುಂಬಿ ಏಳಕ್ಕೆ ಬಿದ್ದಾಗ ಜ್ವರ ಬಂತು, ನಾಲ್ಕು ದಿನಕ್ಕೆ ಹೋಗಿಬಿಟ್ಟಳು. ಒಂದು ಫೋಟೋ ಇಲ್ಲ. ಅವಳ ಬಟ್ಟೆ, ಸ್ಲೇಟು, ಎಲ್ಲವನ್ನೂ ಅಜ್ಜಿ ಕಣ್ಣಿಗೆ ಕಾಣಬಾರದೆಂದು ಕೊಟ್ಟುಬಿಟ್ಟರು. ಹೆಸರು ಎತ್ತಿದರೆ ಅಜ್ಜಿ ಊಟ ಬಿಡುತ್ತಿದ್ದರು, ಹಾಗಾಗಿ ಯಾರೂ ಎತ್ತುತ್ತಿರಲಿಲ್ಲ. ಆಮೇಲೆ ಅದೇ ಅಭ್ಯಾಸವಾಗಿ ಹೋಯಿತು.

"ಅವಳದು ಬಿದ್ದಿದ್ದೇ ಒಂದು ಹಲ್ಲು," ಎಂದಳು ಅಮ್ಮ ನನಗೆ. "ಹೋಗೋಕ್ಕೆ ಸ್ವಲ್ಪ ದಿನ ಮುಂಚೆ. ಗಾಜಿನ ಹೆಂಚಿಗೇ ತಾಗ್ಬೇಕು, ಟಣ್ ಅನ್ಬೇಕು ಅಂತ ಹಟ. ಕೈ ಎಟುಕ್ತಿರಲಿಲ್ಲ. ಇವನೇ ಹೆಗಲ ಮೇಲೆ ಕೂರಿಸ್ಕೊಂಡಿದ್ದ. ಹನ್ನೆರಡು ವರ್ಷ ಇವನಿಗಾಗ."

ಮೂವತ್ತು ವರ್ಷ ಯಾರ್ಯಾರದೋ ಊರಿನ ಮಣ್ಣು ಜರಡಿ ಹಿಡಿದ ಮನುಷ್ಯ, ತಲೆಯ ಮೇಲಿನ ಹೆಂಚು ಇಳಿಯುವವರೆಗೆ ಕಾದಿದ್ದರು. ಎರಡು ದಿನ ಮನಸ್ಸಿನಲ್ಲೇ ಬೈದುಕೊಂಡಿದ್ದ ನನಗೆ ಆ ಕ್ಷಣ ನಾಚಿಕೆಯಾಯಿತು. ಸೆರಗು ಬಿಗಿ ಮಾಡಿಕೊಂಡು ಜರಡಿಯ ಇನ್ನೊಂದು ಬದಿ ಹಿಡಿದೆ. ಓನರ್ ಮಗ ಏನೂ ಅರ್ಥವಾಗದಿದ್ದರೂ ಕುರ್ಚಿ ಬಿಟ್ಟು ಬಂದು, ಬೆನ್ನಿಗೆ ಬಿಸಿಲು ಬೀಳದ ಹಾಗೆ ಮಾವನ ಮೇಲೆ ಛತ್ರಿ ಹಿಡಿದು ನಿಂತ.

ಚೀಲ ಮುಗಿಯುವ ಹೊತ್ತಿಗೆ ಮಾವನ ಅಂಗೈಯಲ್ಲಿ ಹಲ್ಲುಗಳಿದ್ದವು. ಒಂದಲ್ಲ, ಮೂರು! ಟಣ್ ಅನ್ನಿಸುವ ಆಸೆ ಶಾರಿಯೊಬ್ಬಳಿಗೇ ಇರುತ್ತದೆಯೇ? ಮೂರೂ ಒಂದೇ ಬಣ್ಣ, ಒಂದೇ ಅಳತೆ.

ಅಮ್ಮ ಬಗ್ಗಿ ನೋಡಿ, ನಡುವಿನದನ್ನು ಮುಟ್ಟಿದಳು. "ಇದೇ ಕಣೋ. ಇದು ಶಾರೀದು."

"ಹೇಗೆ ಗೊತ್ತು ಅಕ್ಕಾ?"

"ಗೊತ್ತು ಅಂದ್ರೆ ಗೊತ್ತು. ನಾನು ನೋಡಿಲ್ವಾ?"

"ಐವತ್ತು ವರ್ಷ ಆಯ್ತು ಅಕ್ಕಾ."

"ಬರ್ಕೊಳ್ಳೋ ಅವಳ ಹೆಸರ್ನ!" ಅಮ್ಮ ಚೀಟಿಯನ್ನು ಮಾವನ ಮುಂದಕ್ಕೆ ತಳ್ಳಿದಳು. "ಒಂದು ಸಲ ಬರ್ಕೊಂಡ್ರೆ ಯಾರ ಗಂಟು ಹೋಗತ್ತೆ?"

ಮಾವ ಪೊಟ್ಟಣದ ಚೀಟಿಯ ಮೇಲೆ ಪೆನ್ನಿಟ್ಟು ಕೂತರು. ಬರೆಯಲಿ ಎಂದು ನಾನು ಮನಸ್ಸಿನಲ್ಲೇ ಎಲ್ಲ ದೇವರಿಗೂ ಹರಕೆ ಹೊತ್ತೆ. ಪೆನ್ನು ಕದಲಿತು. ಅಡುಗೆಮನೆ, ಗಾಜಿನ ಹೆಂಚಿನ ಕೆಳಗೆ. ಹಾಲುಹಲ್ಲು, ಮೂರು. ಯಾರವೋ ಗೊತ್ತಿಲ್ಲ.

ಅಮ್ಮ ಮುಖ ತಿರುಗಿಸಿಕೊಂಡಳು. ಮಾವ ಮೂರನ್ನೂ ಪೊಟ್ಟಣಕ್ಕೆ ಹಾಕಿ, ಡಬ್ಬಿಯಲ್ಲಿಡಲಿಲ್ಲ, ಅಂಗಿಯ ಜೇಬಿನಲ್ಲಿಟ್ಟುಕೊಂಡು ಮೇಲೆ ಕೈ ಇಟ್ಟುಕೊಂಡರು.

"ಒಂದನ್ನ ಆರಿಸಿದ್ರೆ ತಪ್ಪಿ ಬೇರೆಯವರದ್ದಾಗ್ಬಹುದು ಅಕ್ಕಾ. ಶಾರಿ ಲಾರೀಲಿ ಹೋಗಿಬಿಡ್ತಾಳೆ. ಮೂರನ್ನೂ ಇಟ್ಕೊಂಡ್ರೆ, ಇದ್ರೆ ಇದ್ರಲ್ಲೇ ಇರ್ತಾಳಲ್ಲ."

ಅಮ್ಮ ಅಳುತ್ತಲೇ ಅವರ ತಲೆಯ ಮೇಲಿನ ದೂಳನ್ನು ಸೆರಗಿನಿಂದ ಕೊಡವಿದಳು. ಸಂಜೆ ಲಾರಿ ಬಂದು ಮಿಕ್ಕ ಮಣ್ಣನ್ನು ತುಂಬಿಕೊಂಡು ಹೋಯಿತು.

ಇದಾಗಿ ಎರಡು ವರ್ಷಕ್ಕೆ ನನ್ನ ಮಗಳ ಮೊದಲ ಹಲ್ಲು ಬಿತ್ತು. ನಮ್ಮದು ಎರಡನೆಯ ಮಹಡಿಯ ಮನೆ, ಮೇಲೆ ಇನ್ನೊಬ್ಬರ ಮನೆ. ಹೆಂಚಿಲ್ಲ, ಸಗಣಿಯಿಲ್ಲ. "ಎಲ್ಲಿಗೆ ಎಸೀಲಿ?" ಎಂದು ಹುಡುಗಿ ರಾಗ ತೆಗೆದಳು. ಅಂಗೈಯಲ್ಲಿ ಹಲ್ಲು ಮುಚ್ಚಿಕೊಂಡವಳನ್ನು ಮಾವನ ಮನೆಗೆ ಕರೆದುಕೊಂಡು ಹೋದೆ. ಮಾವ ಬೀರು ತೆಗೆದು ಆ ಹಳೆಯ ಪೊಟ್ಟಣವನ್ನು ಹೊರಗಿಟ್ಟರು, ಅದರ ಪಕ್ಕ ಒಂದು ಹೊಸ ಪೊಟ್ಟಣ, ಹೊಸ ಚೀಟಿ. ಕನ್ನಡಕ ಏರಿಸಿ, ಕ್ಯಾಂಪಿನಲ್ಲಿ ಕೂತವರ ಹಾಗೆ ಕೇಳಿದರು.

"ಎಲ್ಲೀದು?"

"ಕೆಳಗಡೆ. ಮುಂದಿನದು."

"ಯಾವತ್ತು ಬಿತ್ತು?"

"ಇವತ್ತು. ದೋಸೆ ತಿನ್ನೋವಾಗ."

"ಹೆಸರು? ಪೂರ್ತಿ ಹೇಳು. ಅಪ್ಪನ ಹೆಸರೂ ಹೇಳು."

ಅವಳು ಸೊಂಟದ ಮೇಲೆ ಕೈಯಿಟ್ಟಳು. "ಅಯ್ಯೋ ತಾತಾ! ನನ್ನ ಹೆಸರು ನಿಮ್ಗೆ ಗೊತ್ತಲ್ವಾ?"

"ಗೊತ್ತು ಪುಟ್ಟೀ," ಎಂದರು ಮಾವ. "ಗೊತ್ತಿರುವಾಗ್ಲೇ ಬರ್ಕೊಂಡ್ಬಿಡ್ಬೇಕು."